ಅಂಗಳದಂಚಿಗೆ ಬಂದು ನಿಂತ ವಾಹನಗಳು

ಕಾಳಿ ನದಿಯ ಉತ್ತರ ದಂಡೆಯಲ್ಲಿ, ಸದಾಶಿವಗಡದ ಗುಡ್ಡದ ನೆರಳಿನಲ್ಲಿ ಹರಡಿಕೊಂಡಿರುವ ಚಿತ್ತಾಕುಲವನ್ನು ಪೋರ್ತುಗೀಜರು ತಮ್ಮ ಬರಹಗಳಲ್ಲಿ ‘ಸಿಂತಾಕೋರ’ ಎಂದು ಕರೆದಿದ್ದಾರೆ. ನದಿ ಸಮುದ್ರವನ್ನು ಸೇರುವ ಸ್ಥಳವಾದ್ದರಿಂದ ಇದು ಅಂದಿನಿಂದಲೂ ಹಾದುಹೋಗುವವರ ಊರು. ಕೋಟೆ ಕಟ್ಟಿದ ಸೋಂದೆಯ ಅರಸರ ಆಳುಗಳು, ದೋಣಿಯಲ್ಲಿ ಸರಕು ತಂದ ವರ್ತಕರು, ಗೋವೆಗೆ ಹೊರಟವರು, ಗೋವೆಯಿಂದ ಬಂದವರು ಎಲ್ಲರೂ ಇಲ್ಲಿ ಒಂದು ಗಳಿಗೆ ನಿಂತವರೇ. ಆದುದರಿಂದ ದಾರಿಹೋಕರು ತಮ್ಮ ವಾಹನವನ್ನು ನಮ್ಮೂರಿನಲ್ಲಿ ನಿಲ್ಲಿಸುತ್ತಾರೆಂಬುದೇ ಒಂದು ದೂರು ಎಂದು ಯಾರೂ ಭಾವಿಸಬಾರದು. ಎಲ್ಲಿ ನಿಲ್ಲಿಸುತ್ತಾರೆ, ಆ ಸ್ಥಳವನ್ನು ಗೊತ್ತುಮಾಡುವವರು ಯಾರು, ಅದರಿಂದ ತೊಂದರೆಗೊಳಗಾಗುವವರನ್ನು ಒಂದು ಮಾತಾದರೂ ಕೇಳುತ್ತಾರೆಯೇ ಎಂಬುದಷ್ಟೇ ಈ ಲೇಖನದ ವಿಷಯ.

ನನ್ನ ಮನೆಯ ಸಂಗತಿಯನ್ನೇ ಮೊದಲು ಹೇಳಿಬಿಡುವುದು ಪ್ರಾಮಾಣಿಕವಾದೀತು. ನಾನು ಈ ವಿಷಯದಲ್ಲಿ ತಟಸ್ಥನಲ್ಲ.

ನಮ್ಮ ಹಳೆಯ ಮನೆ ರಾಷ್ಟ್ರೀಯ ಹೆದ್ದಾರಿ 66ರಿಂದ ಕೂಗಳತೆಯ ದೂರದಲ್ಲಿದೆ. ಹೆದ್ದಾರಿಗೂ ನಮ್ಮ ಪಾಗಾರಕ್ಕೂ ನಡುವೆ ನೆರೆಮನೆಯವರ ಸುಮಾರು 10 ಗುಂಟೆಯ ಹಿತ್ತಲು ಇತ್ತು. ಎರಡು ಮಾವು, ಒಂದು ಹಲಸು, ಐದಾರು ತೆಂಗು, ಅಂಚಿನಲ್ಲಿ ಚಿರೇಕಲ್ಲಿನ ಬಾವಿ. ನಡುವೆ ಹಾದುಹೋಗುವ ಕಾಲುದಾರಿಯಲ್ಲಿ ಮೂರು ತಲೆಮಾರಿನವರು ಇಗರ್ಜಿಗೂ ಶಾಲೆಗೂ ಪೇಟೆಗೂ ನಡೆದಿದ್ದಾರೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳೆಲ್ಲ ಮುಂಬಯಿಯಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ನೆಲೆಸಿದರು. ಹೆದ್ದಾರಿಯ ಬದಿಯ ಊಟದ ಹೋಟೆಲೊಂದು (ಹೆಸರು ಇಲ್ಲಿ ಅನಗತ್ಯ; ಅಲ್ಲಿಯ ಮೀನೂಟ ಚೆನ್ನಾಗಿರುತ್ತದೆ, ನಾನೂ ಅದರ ಗಿರಾಕಿ) ಆ ಹಿತ್ತಲನ್ನು ಬಾಡಿಗೆಗೆ ಪಡೆಯಿತು. ಮಳೆಗಾಲ ಮುಗಿದ ಒಂದು ಸಂಜೆ ಜೇಸಿಬಿ ಬಂತು. ನಾಲ್ಕು ದಿನಗಳಲ್ಲಿ ಮರಗಳು ಉರುಳಿದವು, ತಗ್ಗಿಗೆ ಕೆಂಪುಮಣ್ಣು ಬಿತ್ತು, ಮೇಲೆ ಜಲ್ಲಿ ಹರಡಿ ರೋಲರ್ ಓಡಿಸಲಾಯಿತು. ಐದನೆಯ ದಿನ, ಅಂದರೆ ಶನಿವಾರ, ಅಲ್ಲಿ ಗೋವೆಗೆ ಹೊರಟ ವಾಹನಗಳು ಸಾಲುಗಟ್ಟಿ ನಿಂತಿದ್ದವು.

ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯ ಗೋಡೆಯ ಮೇಲೆ ಹೆಡ್‌ಲೈಟಿನ ಬೆಳಕು ಹರಿದಾಡುವುದು, ಬಾಗಿಲುಗಳು ಧಡಾರೆಂದು ಮುಚ್ಚುವುದು, ಜನರೇಟರಿನ ಗುಡುಗು, ಪಾಗಾರದ ಬುಡದಲ್ಲಿ ಗಂಡಸರು ನಿಂತು ಮಾಡುವ ಗಲೀಜು ಇವನ್ನೆಲ್ಲ ವಿವರಿಸುವುದು ಬೇಡ. ಹೆದ್ದಾರಿಯ ಬದಿಯಲ್ಲಿ ವಾಸಿಸುವ ಓದುಗ ಬಂಧುಗಳಿಗೆ ಇದು ಹೊಸತಲ್ಲ. ನಮ್ಮನ್ನು ನಿಜವಾಗಿ ಎಚ್ಚರಗೊಳಿಸಿದ್ದು ಮುಂದಿನ ಜೂನ್ ತಿಂಗಳ ಮೊದಲ ದೊಡ್ಡ ಮಳೆ.

ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದೂ ಬಹುಪಾಲು ನಾಲ್ಕು ತಿಂಗಳೊಳಗೆ. ಒಂದು ಗುಂಟೆಯೆಂದರೆ 1,089 ಚದರಡಿ, ಸುಮಾರು 101 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10 ಗುಂಟೆಯ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. ಹಿತ್ತಲು ಹಿತ್ತಲಾಗಿದ್ದಾಗ ಈ ನೀರಿನ ದೊಡ್ಡ ಪಾಲನ್ನು ಮರದ ಬುಡದ ಸಡಿಲ ಮಣ್ಣು ಕುಡಿಯುತ್ತಿತ್ತು, ಉಳಿದದ್ದು ತಗ್ಗಿನಲ್ಲಿ ನಿಂತು ನಿಧಾನವಾಗಿ ಗಟಾರ ಸೇರುತ್ತಿತ್ತು. ರೋಲರ್ ಓಡಿಸಿ ಗಟ್ಟಿಗೊಳಿಸಿದ ನೆಲ ನೀರನ್ನು ಕುಡಿಯುವುದಿಲ್ಲ. ತಗ್ಗು ತುಂಬಿತ್ತು, ಗಟಾರದ ಬಾಯಿ ಮಣ್ಣಿನಡಿ ಹೂತುಹೋಗಿತ್ತು. ನೀರು ನಮ್ಮ ಅಂಗಳಕ್ಕೆ ಬಂತು, ಮೆಟ್ಟಿಲು ಹತ್ತಿತು, ಅಡುಗೆಮನೆಯ ಹೊಸ್ತಿಲನ್ನು ಮುಟ್ಟಿ ನಿಂತಿತು. ಮರುವಾರ ಬಾವಿಯ ಕೊಡ ಮೇಲೆ ಬಂದಾಗ ನೀರಿನ ಮೇಲೆ ಎಣ್ಣೆಯ ಬಣ್ಣದ ಪದರವಿತ್ತು. ನದೀಮುಖದ ಊರಿನಲ್ಲಿ ಸಿಹಿನೀರಿನ ಬಾವಿಯ ಬೆಲೆ ಏನೆಂಬುದನ್ನು, ಏಪ್ರಿಲ್ ತಿಂಗಳಲ್ಲಿ ಉಪ್ಪುನೀರು ಒಳನುಗ್ಗುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಅದೇ ತಿಂಗಳು ಹೋಟೆಲಿನವರಿಂದ ಇನ್ನೊಂದು ಪ್ರಸ್ತಾಪ ಬಂತು. ನಮ್ಮ ಮನೆಯ ಹಿಂದಿನ 5 ಗುಂಟೆಯನ್ನೂ ಕೊಟ್ಟರೆ ಒಳ್ಳೆಯ ಬಾಡಿಗೆ ಕೊಡುವುದಾಗಿ ತಿಳಿಸಿದ್ದರು. ಆ ಜಾಗದಲ್ಲಿ ನನಗೂ ಮಸ್ಕತ್ತಿನಲ್ಲಿರುವ ತಮ್ಮನಿಗೂ ಸಮಪಾಲು. ಫೋನಿನಲ್ಲಿ ಅವನು ಹೇಳಿದ ಮಾತು ಇದು: “ಅಣ್ಣಾ, ಹೇಗೂ ಶಾಂತಿ ಹೋಗಿ ಆಯಿತು. ಬಾಡಿಗೆಯಾದರೂ ಬರಲಿ. ನಾಲ್ಕು ಮರ ನೋಡುತ್ತ ಕೂತು ನೀನು ಏನು ಮಾಡುತ್ತೀ?”

ಸಿಟ್ಟು ಬಂತು. ಆದರೆ ಅವನ ಮಾತಿಗೆ ಕೂಡಲೇ ಕೊಡಲು ಉತ್ತರ ನನ್ನಲ್ಲಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಭೂಮಿ ಹೋದ ನೆನಪು

ಈ ತಾಲೂಕಿನಲ್ಲಿ ‘ಭೂಮಿ ಹೋಯಿತು’ ಎಂಬ ಮಾತಿಗೆ ವಿವರಣೆ ಬೇಡ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಕಾರವಾರ, ಅಂಕೋಲಾ ತಾಲೂಕುಗಳ ಸುಮಾರು 4,000 ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಕಡಲತೀರ ಎಲ್ಲವನ್ನೂ ಬಿಟ್ಟು ಎದ್ದವು. ಚಿತ್ತಾಕುಲವೂ ಸೇರಿದಂತೆ ಹಲವೆಡೆ ಅವರಿಗಾಗಿ ಪುನರ್ವಸತಿ ಬಡಾವಣೆಗಳಾದವು. ಅನಂತರ ಕೊಂಕಣ ರೈಲ್ವೆ ಬಂತು. 1998ರ ಜನವರಿ 26ರಂದು ಅದರ ಪೂರ್ಣ ಮಾರ್ಗದಲ್ಲಿ ರೈಲು ಓಡತೊಡಗಿತು. ತದನಂತರ ಹೆದ್ದಾರಿಯ ಚತುಷ್ಪಥ ಕಾಮಗಾರಿ. ಪ್ರತಿ ಸಲವೂ ಒಂದಿಷ್ಟು ನೆಲ ಹೋಯಿತು, ಒಂದಿಷ್ಟು ಮರ ಹೋಯಿತು.

ಆದರೆ ಆ ಎಲ್ಲ ಸಂದರ್ಭಗಳಲ್ಲಿಯೂ ಒಂದು ಕ್ರಮವಿತ್ತು. 1894ರ ಭೂಸ್ವಾಧೀನ ಕಾಯಿದೆ ಎಷ್ಟೇ ಕಠಿಣವಾಗಿದ್ದರೂ ಸರಕಾರ ಮೊದಲು 4ನೆಯ ಕಲಮಿನಡಿ ಅಧಿಸೂಚನೆ ಹೊರಡಿಸಬೇಕಾಗಿತ್ತು, 5ಎ ಕಲಮಿನಡಿ ಆಕ್ಷೇಪಣೆಗಳನ್ನು ಕೇಳಬೇಕಾಗಿತ್ತು. ಕೇಳಿದ್ದು ಎಷ್ಟು, ಕೇಳಿದಂತೆ ನಟಿಸಿದ್ದು ಎಷ್ಟು ಎಂಬುದು ಬೇರೆ ಮಾತು. ಪರಿಹಾರಕ್ಕಾಗಿ ನಮ್ಮ ಜನ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಹಾಗಿದ್ದರೂ ಕಾಗದ ಇತ್ತು, ಸರ್ವೆ ನಂಬರು ಇತ್ತು, ಕೇಳುವುದಕ್ಕೆ ಒಬ್ಬ ಅಧಿಕಾರಿ ಇದ್ದ.

ವಾಹನ ನಿಲುಗಡೆಗಾಗಿ ನೆಲ ಹೋಗುವಾಗ ಇದಾವುದೂ ಕಣ್ಣಿಗೆ ಬೀಳುವುದಿಲ್ಲ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಆದ್ದರಿಂದ ಹನ್ನೊಂದು ತಿಂಗಳ ಕರಾರು ಬರೆದುಕೊಂಡು ಅದನ್ನೇ ಮತ್ತೆ ಮತ್ತೆ ಮುಂದುವರಿಸುವ ರೂಢಿ ಬಂದಿದೆ. ಕಟ್ಟಡ ಏಳುವುದಿಲ್ಲವಾದ್ದರಿಂದ ಕಟ್ಟಡ ಪರವಾನಿಗೆಯ ಪ್ರಶ್ನೆಯೇ ಏಳದೆಂದು ವ್ಯಾಪಾರಸ್ಥರು ತಿಳಿಯುತ್ತಾರೆ. ಒಂದು ಬೇಲಿ ಕಿತ್ತರಾಯಿತು, ನಾಲ್ಕು ಲಾರಿ ಮಣ್ಣು ಸುರಿದರಾಯಿತು. ನೆರೆಯವರಿಗೆ ವಿಷಯ ತಿಳಿಯುವುದು ಜೇಸಿಬಿಯ ಸದ್ದಿನಿಂದ.

ಸದಾಶಿವನಗರದವರು ಗೆದ್ದದ್ದು

ವಸತಿ ಪ್ರದೇಶದ ಜನರಿಗೆ ಕೇಳುವ ಹಕ್ಕಿದೆಯೇ ಎಂಬ ಪ್ರಶ್ನೆಗೆ ನಮ್ಮ ರಾಜ್ಯದ ಒಂದು ಮೊಕದ್ದಮೆಯೇ ಉತ್ತರ ಕೊಟ್ಟಿದೆ. ಬೆಂಗಳೂರಿನ ಸದಾಶಿವನಗರದ ಭಾಗ, ಅಂದರೆ ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಉದ್ಯಾನವನಕ್ಕೆಂದು ತೆರವು ಬಿಟ್ಟ ಜಾಗವೊಂದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟುವುದಕ್ಕಾಗಿ ಒಂದು ವೈದ್ಯಕೀಯ ಟ್ರಸ್ಟಿಗೆ ಕೊಡಲಾಯಿತು. ಹಾಗೆ ಕೊಡಲು ಮುಖ್ಯಮಂತ್ರಿಗಳ ಮಟ್ಟದಿಂದಲೇ ನಿರ್ದೇಶನ ಬಂದಿತ್ತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠದ ಮುಂದೆ ಸೋತರು. ಎದೆಗುಂದದೆ ವಿಭಾಗೀಯ ಪೀಠಕ್ಕೆ ಹೋದರು, ಅಲ್ಲಿ ಗೆದ್ದರು. ಟ್ರಸ್ಟಿನವರು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮೇಲ್ಮನವಿಯನ್ನು ನ್ಯಾಯಮೂರ್ತಿ ಥೊಮ್ಮೆನ್ ಮತ್ತು ನ್ಯಾಯಮೂರ್ತಿ ಸಹಾಯ್ ಅವರಿದ್ದ ಪೀಠ 1991ರಲ್ಲಿ ವಜಾಗೊಳಿಸಿತು.

ಈ ತೀರ್ಪಿನಲ್ಲಿ ನಮ್ಮಂಥವರಿಗೆ ಮುಖ್ಯವಾದುದು ಎರಡು ಸಂಗತಿ. ನಿವಾಸಿಗಳಿಗೆ ಇದರಲ್ಲಿ ಸ್ವಂತ ಹಾನಿಯಿಲ್ಲ, ಆದ್ದರಿಂದ ಅವರು ದಾವೆ ಹೂಡಲು ಬಾಧ್ಯರಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸುತ್ತಲಿನ ಪರಿಸರ ಕೆಟ್ಟರೆ ಅಲ್ಲಿ ವಾಸಿಸುವವರಿಗೇ ಹಾನಿ, ಕೇಳುವ ಅಧಿಕಾರ ಅವರಿಗಿದೆ ಎಂದಿತು. ಎರಡನೆಯದಾಗಿ, ಯೋಜನೆಯ ನಕ್ಷೆಯಲ್ಲಿ ಒಂದು ಉದ್ದೇಶಕ್ಕೆಂದು ನಿಗದಿಯಾದ ನೆಲವನ್ನು ಕಾಯಿದೆ ಹೇಳಿದ ಕ್ರಮ ಬಿಟ್ಟು ಬೇರೆ ಉದ್ದೇಶಕ್ಕೆ ತಿರುಗಿಸಲು ಎಷ್ಟೇ ದೊಡ್ಡ ಹುದ್ದೆಯಲ್ಲಿರುವವರಿಗೂ ಬರುವುದಿಲ್ಲ ಎಂದಿತು. ಆಸ್ಪತ್ರೆ ಕೂಡ ಜನೋಪಯೋಗಿಯೇ ಎಂಬ ಸಮರ್ಥನೆ ಖಾಸಗಿ ನರ್ಸಿಂಗ್ ಹೋಮನ್ನು ಉಳಿಸಲಿಲ್ಲ. 1999ರಲ್ಲಿ ಲಕ್ನೋದ ಅಮೀನಾಬಾದಿನ ಉದ್ಯಾನವೊಂದರ ಅಡಿಯಲ್ಲಿ ಕಟ್ಟಿದ್ದ ಮಳಿಗೆ ಸಂಕೀರ್ಣವನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಬೇಕೆಂದು ಇದೇ ನ್ಯಾಯಾಲಯ ಆಜ್ಞಾಪಿಸಿದ್ದೂ, 2011ರಲ್ಲಿ ನೊಯಿಡಾದ ವಸತಿ ವಿಭಾಗಗಳಲ್ಲಿ ನಡೆಯುತ್ತಿದ್ದ ಬ್ಯಾಂಕು, ನರ್ಸಿಂಗ್ ಹೋಮುಗಳನ್ನು ತೆರವುಗೊಳಿಸಲು ಹೇಳಿದ್ದೂ ಇದೇ ದಾರಿಯಲ್ಲಿ ನಡೆದ ತೀರ್ಪುಗಳು.

ನಮ್ಮ ಹಿತ್ತಲು ಉದ್ಯಾನವನವಲ್ಲ, ಖಾಸಗಿ ನೆಲ. ಆ ವ್ಯತ್ಯಾಸವನ್ನು ಮರೆಯುವಂತಿಲ್ಲ. ಒಡೆಯನಿಗೆ ತನ್ನ ಆಸ್ತಿಯಿಂದ ನಾಲ್ಕು ಕಾಸು ಹುಟ್ಟಿಸುವ ಹಕ್ಕು ಇದ್ದೇ ಇದೆ. ಆದರೆ ಖಾಸಗಿ ನೆಲದ ಉಪಯೋಗವೂ ಒಡೆಯನ ಮರ್ಜಿಯೊಂದರಿಂದಲೇ ಬದಲಾಗುವುದಿಲ್ಲ.

ಕಾಗದ ಎಲ್ಲಿದೆ

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಕೃಷಿಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳಿಂದ ಪರಿವರ್ತನೆಯ ಅನುಮತಿ ಪಡೆಯಬೇಕು. ಪರಿವರ್ತನೆಯ ಆದೇಶದಲ್ಲಿ ಉದ್ದೇಶವೂ ನಮೂದಾಗಿರುತ್ತದೆ: ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ. ವಾಸಕ್ಕೆಂದು ಪಡೆದ ಜಾಗದಲ್ಲಿ ವ್ಯಾಪಾರ ನಡೆಸಿದರೆ ಷರತ್ತನ್ನು ಮುರಿದಂತೆ. 96ನೆಯ ಕಲಮಿನಲ್ಲಿ ಅದಕ್ಕೆ ದಂಡವಿದೆ. ಈಚಿನ ವರ್ಷಗಳಲ್ಲಿ ಅರ್ಜಿದಾರನ ಸ್ವಯಂಘೋಷಣೆಯ ಆಧಾರದ ಮೇಲೆಯೇ ಅರ್ಜಿಗಳನ್ನು ಬೇಗ ವಿಲೇವಾರಿ ಮಾಡುವ ಪದ್ಧತಿ ಬಂದಿದೆ. ಮನೆ ಕಟ್ಟುವ ಬಡವನಿಗೆ ಅದು ಅನುಕೂಲವೇ. ಆದರೆ ಬೇಗ ಆಗುವ ಕೆಲಸದಲ್ಲಿ ನೆರೆಯವನ ಮಾತು ಕೇಳುವ ಬಿಡುವು ಕಡಿಮೆಯಾಗುತ್ತದೆ.

ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಗೆ ಒಳಪಟ್ಟ ಪ್ರದೇಶವಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಅನ್ವಯಿಸುತ್ತದೆ. ತಮ್ಮ ಸರ್ವೆ ನಂಬರು ಅದರೊಳಗಿದೆಯೇ ಹೊರಗಿದೆಯೇ ಎಂಬುದನ್ನು ಪ್ರತಿಯೊಬ್ಬರೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಆ ಕಾಯಿದೆಯ 14ಎ ಕಲಮನ್ನು ನಾನು ನಿವೃತ್ತನಾದ ಮೇಲೆ, ಶಾಲೆಯ ಮಕ್ಕಳು ಪಾಠ ಓದುವಂತೆ, ಎರಡು ಸಲ ಬಾಯಿಬಿಟ್ಟು ಓದಿದ್ದೇನೆ. ಮಹಾಯೋಜನೆಯಲ್ಲಿ ಗುರುತಿಸಿದ ಭೂಬಳಕೆಯನ್ನು ಬದಲಿಸಬೇಕಾದರೆ ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನಗಳ ಅವಧಿಯಲ್ಲಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ವಾಣಿಜ್ಯದ ನೆಲವನ್ನು ವಾಸಕ್ಕೆ ಬಳಸುವವರಿಗೆ ಈ ಕಲಮು ರಿಯಾಯಿತಿ ಕೊಡುತ್ತದೆ: ಶುಲ್ಕ ಕಟ್ಟಿ, ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದರೆ ಅನುಮತಿ ಸಿಕ್ಕಿದಂತೆಯೇ. ವಾಸದ ನೆಲವನ್ನು ವಾಣಿಜ್ಯಕ್ಕೆ ತಿರುಗಿಸುವವರಿಗೆ ಆ ರಿಯಾಯಿತಿ ಇಲ್ಲ. ಮನೆಯ ಕಡೆಗೆ ಸುಲಭವಾಗಿ ತೆರೆಯುವ ಬಾಗಿಲು ಅಂಗಡಿಯ ಕಡೆಗೆ ತೆರೆಯಬಾರದೆಂದೇ ಶಾಸನಕರ್ತರು ಹೀಗೆ ಬರೆದಿದ್ದಾರೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಆ ಪ್ರಕಟಣೆಗಳನ್ನು ನಾವು ಓದುವುದಿಲ್ಲ ಎಂಬುದು ನಮ್ಮದೇ ತಪ್ಪು. ಮೃತ್ಯುವಾರ್ತೆಯ ಪುಟವನ್ನು ಮಾತ್ರ ತಪ್ಪದೆ ಓದುತ್ತೇವೆ.

ಕಾಲುದಾರಿಯ ವಿಷಯದಲ್ಲಿ ಕಾಯಿದೆ ಇನ್ನೂ ಹಳೆಯದು. 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ ಇನ್ನೊಬ್ಬರ ನೆಲದ ಮೇಲಿನ ದಾರಿಯನ್ನು ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಳಸಿದವರಿಗೆ ಆ ದಾರಿಯ ಮೇಲೆ ಹಕ್ಕು ಹುಟ್ಟುತ್ತದೆ. ಆದರೆ ದಾರಿ ಮುಚ್ಚಿದ ಮೇಲೆ ಎರಡು ವರ್ಷದೊಳಗೆ ದಾವೆ ಹೂಡಬೇಕು. “ನೋಡೋಣ, ದೊಡ್ಡವರ ಸಹವಾಸ ಏಕೆ” ಎಂದು ಸುಮ್ಮನೆ ಕುಳಿತರೆ ಮೂರು ತಲೆಮಾರಿನ ದಾರಿ ಎರಡೇ ವರ್ಷದಲ್ಲಿ ಕೈತಪ್ಪಬಹುದು. ನಮ್ಮ ವಾಡ್ಯದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಅಂದರೆ ಹಿತ್ತಲು ‘ವಾಣಿಜ್ಯ’ವಾದ ದಿನ ನಮ್ಮ ರಾತ್ರಿಯ ನಿದ್ದೆಯ ಲೆಕ್ಕವೂ ಬದಲಾಗುತ್ತದೆ. ನದಿಯ ಹತ್ತಿರದ ಮನೆಗಳವರು ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನೂ ನೋಡಬೇಕು. ಭರತ–ಇಳಿತವಿರುವ ನದಿಗಳ ದಂಡೆಯಲ್ಲಿ 2011ರ ಅಧಿಸೂಚನೆ ಹೇಳಿದ 100 ಮೀಟರನ್ನು 2019ರ ಅಧಿಸೂಚನೆ 50 ಮೀಟರಿಗೆ, ಅಥವಾ ನದಿಯ ಅಗಲ ಅದಕ್ಕಿಂತ ಕಡಿಮೆಯಾದರೆ ಅಷ್ಟಕ್ಕೆ, ಇಳಿಸಿದೆ. ಇನ್ನು ಗಟಾರ ಮುಚ್ಚಿ ಸಾರ್ವಜನಿಕರಿಗೆ ಉಪದ್ರವ ಉಂಟುಮಾಡಿದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ದೂರು ಕೊಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಾಗಿದ್ದುದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ.

ಇಷ್ಟನ್ನೆಲ್ಲ ತಿಳಿಯುವ ಮೊದಲು ನಾನು ಮಾಡಿದ್ದು ಹೋಟೆಲಿನ ಗಲ್ಲೆಯ ಎದುರು ಎರಡು ಸಲ ನಿಂತು ಗೊಣಗಿದ್ದು ಮಾತ್ರ. ಅನಂತರ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹಿತ್ತಲಿನ ಪರಿವರ್ತನೆಯ ಆದೇಶದ ಪ್ರತಿ ಕೇಳಿದೆ. ಆ ಕಾಯಿದೆಯಲ್ಲಿ ಉತ್ತರ ಕೊಡಲು 30 ದಿನಗಳ ಗಡುವಿದೆ. ಪ್ರತಿ ಕೈಗೆ ಬಂತು. ನೆರೆಮನೆಯ ಹಿರಿಯರು ಬದುಕಿದ್ದಾಗ ಮಗನಿಗೊಂದು ಮನೆ ಕಟ್ಟಿಸಬೇಕೆಂದು ಮಾಡಿಸಿದ್ದ ಆದೇಶ ಅದು. ಉದ್ದೇಶದ ಎದುರು ಒಂದೇ ಶಬ್ದವಿತ್ತು: ‘ವಾಸ’.

ಹೋಟೆಲಿನವರ ಮಾತೂ ಕೇಳಬೇಕು

ಪಂಚಾಯತದಿಂದ ನೋಟೀಸು ಹೋದ ಮೇಲೆ ಮಾಲೀಕರು ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತು, ಕೋಕಂ ಪಾನಕ ಕುಡಿದು, ನೇರವಾಗಿ ಕೇಳಿದರು: “ಮಾಸ್ತರರೇ, ಕಾಗದ ಹಿಡಿದು ಕಚೇರಿ ತಿರುಗುವ ಬದಲು ನನಗೇ ಒಂದು ಮಾತು ಹೇಳಬಾರದಿತ್ತೇ?”

“ಗಲ್ಲೆಯ ಹತ್ತಿರ ಎರಡು ಸಲ ಬಂದು ಹೇಳಿದೆನಲ್ಲ.”

“ಆಗ ಗಿರಾಕಿಗಳಿದ್ದರು. ನೀವು ಬಿಲ್ಲಿನ ಬಗ್ಗೆ ಹೇಳುತ್ತಿದ್ದೀರಿ ಎಂದು ತಿಳಿದೆ.”

ಅವರ ಸಂಕಟವೂ ಸುಳ್ಳಲ್ಲ. ಹೆದ್ದಾರಿ ಅಗಲವಾದಾಗ ಅವರ ಹೋಟೆಲಿನ ಎದುರಿನ ಅಂಗಳವೇ ರಸ್ತೆಗೆ ಹೋಯಿತು. ಮೊದಲು ಎಂಟು ಹತ್ತು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗಟಾರದ ಚಪ್ಪಡಿ ಇದೆ. ಹೆದ್ದಾರಿಯ ಮೇಲೆ ವಾಹನ ನಿಲ್ಲಿಸಿದರೆ ಪೊಲೀಸರು ಬಿಡುವುದಿಲ್ಲ, ಬಿಡಲೂಬಾರದು. ಎದುರಿನ ನೆಲ ಕಳೆದುಕೊಂಡವನು ಹಿಂದಕ್ಕೆ ಸರಿಯುತ್ತಾನೆ, ಹಿಂದೆ ಇರುವುದು ಮನೆಗಳು. ರಸ್ತೆಗಾಗಿ ಒಮ್ಮೆ ನೆಲ ಹೋದರೆ, ರಸ್ತೆ ತಂದ ವಾಹನಗಳಿಗಾಗಿ ಇನ್ನೊಮ್ಮೆ ಹೋಗುತ್ತದೆ. ಬಯಲಿನಲ್ಲಿ ಒಂದು ಕಾರು ನಿಲ್ಲಲು, ಬಂದು ತಿರುಗುವ ಜಾಗವೂ ಸೇರಿ, ಸುಮಾರು 23 ಚದರ ಮೀಟರ್ ಬೇಕೆಂದು ಯೋಜಕರು ಲೆಕ್ಕ ಹಾಕುತ್ತಾರೆ. ಒಂದು ಗುಂಟೆಗೆ ನಾಲ್ಕೇ ಕಾರು. ಶನಿವಾರದ ಗಿರಾಕಿಗಳನ್ನು ಎಣಿಸಿದರೆ ಅವರಿಗೆ ನಮ್ಮ 5 ಗುಂಟೆ ಸಿಕ್ಕಿದರೂ ಸಾಲದು.

1988ರ ಮೋಟಾರು ವಾಹನ ಕಾಯಿದೆಯ 117ನೆಯ ಕಲಮಿನಲ್ಲಿ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನ ನಿಲುಗಡೆಯ ತಾಣಗಳನ್ನು ಗೊತ್ತುಪಡಿಸುವ ಅಧಿಕಾರ ಸರಕಾರಕ್ಕಿದೆ. ಆ ಅಧಿಕಾರವನ್ನು ಚಲಾಯಿಸದೆ ಹೋದಾಗ ನಿಲುಗಡೆಯನ್ನು ಗೊತ್ತುಪಡಿಸುವವರು ಹೋಟೆಲಿನವರು, ಚಹದಂಗಡಿಯವರು. ಅದರ ಅಪಾಯವನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ ಕೊಚ್ಚಿಹೋದದ್ದು ರಸ್ತೆಬದಿಯ ಉಪಾಹಾರದಂಗಡಿ ನಡೆಸುತ್ತಿದ್ದ ಕುಟುಂಬ ಮತ್ತು ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು. ಕೇರಳದ ಒಬ್ಬ ಚಾಲಕನ ದೇಹ ಲಾರಿಯೊಂದಿಗೆ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳಾದ ಮೇಲೆ, ಸೆಪ್ಟೆಂಬರಿನಲ್ಲಿ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿದು ಲಾರಿಯೊಂದು ನದಿಗೆ ಬಿತ್ತು; ಆ ಚಾಲಕನನ್ನು ದೇವರ ದಯದಿಂದ ಜೀವಂತವಾಗಿ ಮೇಲೆತ್ತಿದರು. ದೂರದಿಂದ ಬಂದು ದಣಿದವರಿಗೆ ನಿಲ್ಲಲೊಂದು ಸುರಕ್ಷಿತ ಜಾಗ ಬೇಕೆಂಬುದನ್ನು ಅಲ್ಲಗಳೆಯುವ ಮನಸ್ಸು ನಮಗೆ ಬರಬಾರದು. ಆ ಜಾಗ ಯಾರದೋ ಬಾವಿಯ ಕಟ್ಟೆಯ ಪಕ್ಕದಲ್ಲಿ ಇರಬಾರದು, ಅಷ್ಟೇ.

ನಮ್ಮ ಕಡೆಗೂ ಒಂದು ಮಾತು. ಫೆಸ್ತಿನ ದಿನ, ಮದುವೆಯ ದಿನ ನಮ್ಮ ಇಗರ್ಜಿಗಳ ಸುತ್ತಲಿನ ಓಣಿಗಳಲ್ಲಿ ವಾಹನ ನಿಲ್ಲಿಸುವವರು ನಾವೇ. ಹಿಂದೂ ನೆರೆಯವರ ಅಂಗಳದ ಬಾಗಿಲಿಗೆ ಅಡ್ಡ ಕಾರು ನಿಲ್ಲಿಸಿ ಬಲಿಪೂಜೆಗೆ ಓಡುವವರನ್ನು ನಾನು ಬಲ್ಲೆ. ಅವರು ಇದುವರೆಗೆ ನಮ್ಮ ಮೇಲೆ ಅರ್ಜಿ ಕೊಟ್ಟಿಲ್ಲವೆಂದರೆ ಅದು ಅವರ ಸೌಜನ್ಯ.

ಇನ್ನೊಂದು ಹೆಚ್ಚು ನೋವಿನದು. ಅರಸ ಅಹಾಬನು ತನ್ನ ಅರಮನೆಗೆ ತಾಗಿದ್ದ ನಾಬೋತನ ದ್ರಾಕ್ಷಿತೋಟವನ್ನು ಕಾಯಿಪಲ್ಯದ ತೋಟಕ್ಕಾಗಿ ಕೇಳಿದ ಕಥೆ ನಮಗೆಲ್ಲ ಗೊತ್ತು; ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ಹೇಳಿದ. ನಮ್ಮೂರಿನಲ್ಲಿ ಅಹಾಬನು ಬಲವಂತ ಮಾಡಬೇಕಾದ ಪ್ರಸಂಗವೇ ಬರುವುದಿಲ್ಲ. ನಾಬೋತನ ಮಕ್ಕಳು ಪರದೇಶದಿಂದ ವಾಟ್ಸಾಪಿನಲ್ಲಿಯೇ ಒಪ್ಪಿಗೆ ಕಳಿಸುತ್ತಾರೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಬಾಡಿಗೆ ಬಾರದ ಹಿತ್ತಲಿಗೂ ತೆರಿಗೆ ಕಟ್ಟಬೇಕು, ಕಾಡು ಸವರಿಸಬೇಕು, ಪಾಗಾರ ಬಿದ್ದರೆ ಎತ್ತಿಸಬೇಕು. ಅವರು ಇಲ್ಲಿ ಮಲಗುವುದಿಲ್ಲ, ಇಲ್ಲಿಯ ನೀರು ಕುಡಿಯುವುದಿಲ್ಲ, ಆದ್ದರಿಂದ ಬಾಡಿಗೆಯ ಮೊತ್ತ ಮಾತ್ರ ಅವರಿಗೆ ಕಾಣುತ್ತದೆ. ನೆರೆಮನೆಯ ಮಗಳಿಗೆ ನಾನು ಬಾವಿಯ ನೀರಿನ ಚಿತ್ರವನ್ನು ಕಳಿಸಿದೆ. ಅವಳು ಅರ್ಧ ಗಂಟೆಯ ನಂತರ ಫೋನು ಮಾಡಿ, “ಅಂಕಲ್, ಇದು ಅಜ್ಜಿಯ ಬಾವಿಯೇ?” ಎಂದು ಕೇಳಿದಳು. ವಾಹನ ನಿಲ್ಲಿಸುತ್ತಾರೆ ಎಂದು ಮಾತ್ರ ಅವಳಿಗೆ ಹೇಳಿದ್ದರಂತೆ. ಮರ ಕಡಿದದ್ದು, ತಗ್ಗು ತುಂಬಿದ್ದು ಅವಳಿಗೆ ತಿಳಿದೇ ಇರಲಿಲ್ಲ.

ಮಾಲೀಕರು ಆ ಭಾನುವಾರ ಎರಡು ಗಂಟೆ ಕುಳಿತರು. ವಾಡ್ಯದ ಇನ್ನೂ ನಾಲ್ಕು ಮನೆಯವರನ್ನು ಕರೆಸಿದೆವು. ಮಳೆಗಾಲಕ್ಕೆ ಮೊದಲು ಹೂತ ಗಟಾರವನ್ನು ತೆಗೆಸಿ ಚಿರೇಕಲ್ಲು ಕಟ್ಟಿಸುವುದು, ಬಾವಿಯ ಸುತ್ತ 15 ಅಡಿ ಬಿಟ್ಟು ಒಡ್ಡು ಹಾಕುವುದು, ಕಾಲುದಾರಿಗೆ 6 ಅಡಿ ಅಗಲ ಬಿಟ್ಟು ಕಲ್ಲು ನೆಡುವುದು, ಜನರೇಟರನ್ನು ಹೆದ್ದಾರಿಯ ಕಡೆಗೆ ಸಾಗಿಸುವುದು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುವುದು ಎಂದು ಬರೆದು ಎಲ್ಲರೂ ಸಹಿ ಹಾಕಿದೆವು. ಗಟಾರ ಆಗಿದೆ. ಒಡ್ಡು ಆಗಿದೆ. ದಾರಿಗೆ 6 ಅಡಿಯ ಬದಲು 5 ಅಡಿ ಬಿಟ್ಟಿದ್ದಾರೆ, ಅಳತೆಪಟ್ಟಿ ಹಿಡಿದು ನಾನೇ ನೋಡಿದ್ದೇನೆ. ಬೀಗ ವಾರದ ದಿನಗಳಲ್ಲಿ ಸಮಯಕ್ಕೆ ಬೀಳುತ್ತದೆ, ಶನಿವಾರ ಬೀಳುವುದಿಲ್ಲ. ಹಿತ್ತಲನ್ನು ವಾಣಿಜ್ಯ ಉಪಯೋಗಕ್ಕೆ ಬದಲಿಸಲು ಅವರು ಈಗ ಕ್ರಮಪ್ರಕಾರ ಅರ್ಜಿ ಕೊಟ್ಟಿದ್ದಾರೆ. ಐದು ಮನೆಯವರು ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪತ್ರ ಇಟ್ಟುಕೊಂಡಿದ್ದೇವೆ. ಹೋಟೆಲಿಗೆ ಊಟಕ್ಕೆ ಹೋಗುವುದನ್ನು ನಾನು ಬಿಟ್ಟಿಲ್ಲ. ಈಚೆಗೆ ಒಂದು ತುಂಡು ಇಸ್ವಾಣ ಹೆಚ್ಚಾಗಿಯೇ ಬೀಳುತ್ತಿದೆ.

5 ಗುಂಟೆಯ ಕರಾರಿನ ಕರಡು ಮೇಜಿನ ಸೆಳೆಖಾನೆಯಲ್ಲಿ ಹಾಗೆಯೇ ಇದೆ, ಸಹಿಯಾಗಿಲ್ಲ. ತಮ್ಮ ನಾತಾಳಕ್ಕೆ ಬರುತ್ತಾನೆ. ಇಬ್ಬರೂ ಹಿಂದಿನ ಹಿತ್ತಲಿನಲ್ಲಿ ನಿಂತು ಮಾತಾಡೋಣ, ಅಲ್ಲಿಯವರೆಗೆ ಯಾರಿಗೂ ಮಾತು ಕೊಡಬೇಡ ಎಂದು ಹೇಳಿದ್ದೇನೆ. ಸರಿ ಅಂದಿದ್ದಾನೆ.